ಎದುರು ಬಂಡೆಯ ಮನೆಯವರು

ಮೀಟರಣ್ಣನಿಗೆ ಆ ದೇಶದ ಪರಿಚಯವಾದದ್ದು ಹಲ್ಲುನೋವಿನಿಂದ. ಪರದೇಶ ಕಂಡವರು ಹಡಗು ಹತ್ತುತ್ತಾರೆ, ವಿಮಾನ ಹತ್ತುತ್ತಾರೆ. ಇವನು ಹತ್ತಿದ್ದು ಹಲ್ಲಿನ ಡಾಕ್ಟರ ಮೆಟ್ಟಿಲು. ಬಲಗಡೆಯ ದವಡೆಹಲ್ಲೊಂದು ಕೆಟ್ಟು ಕೂತಿತ್ತು. ಅದರ ಬೇರು ತೆಗೆಯುವುದು, ಔಷಧ ತುಂಬುವುದು, ತುಂಬಿದ್ದನ್ನು ಮತ್ತೆ ತೆಗೆಯುವುದು ಎಂದು ಡಾಕ್ಟರು ಅವನನ್ನು ತಿಂಗಳುಗಟ್ಟಲೆ ಓಡಾಡಿಸಿದರು. ಕಾಯುವ ಕೋಣೆಯಲ್ಲಿ ಎರಡು ಬೆಂಚು, ಬಾಯಿ ತೆರೆದುಕೊಂಡ ದವಡೆಯ ಒಂದು ಪ್ಲಾಸ್ಟರ್ ಮಾದರಿ, ಜೊತೆಗೆ ಒಂದೇ ಒಂದು ಸಚಿತ್ರ ಪತ್ರಿಕೆ ಇದ್ದವು. ದವಡೆಯನ್ನು ಎಷ್ಟು ಹೊತ್ತು ಅಂತ ನೋಡುವುದು? ಮೀಟರಣ್ಣ ಪತ್ರಿಕೆ ಎತ್ತಿಕೊಂಡ. ಅದರಲ್ಲಿ ಭೂಮಿಯ ನೆತ್ತಿಯ ಹತ್ತಿರ, ಕೆಳಗೆ ಬೆಂಕಿ ಮೇಲೆ ಮಂಜು ಇಟ್ಟುಕೊಂಡು ಸಮುದ್ರದ ನಡುವೆ ಕೂತ ಒಂದು ದ್ವೀಪದೇಶದ ಮೇಲೆ ಉದ್ದನೆಯ ಲೇಖನವಿತ್ತು.

ಹೋದಾಗಲೆಲ್ಲ ಅದನ್ನೇ ಓದಿದ. ಹಲ್ಲು ಸುಧಾರಿಸುವ ಹೊತ್ತಿಗೆ ಆ ದೇಶದ ವಿಷಯದಲ್ಲಿ ಸುತ್ತಮುತ್ತ ಅವನನ್ನು ಮೀರಿಸುವವರಿರಲಿಲ್ಲ. ಮೀರಿಸಲು ಇನ್ನೊಬ್ಬ ಯಾರಾದರೂ ಆ ಪತ್ರಿಕೆ ಓದಿರಬೇಕಿತ್ತಷ್ಟೆ. ಒಂದೇ ಕೊರತೆ, ಕೊನೆಯ ಹಾಳೆಗೆ ಬರುವಷ್ಟರಲ್ಲಿ ಪ್ರತಿ ಸಲವೂ ಒಳಗಿನಿಂದ ಕರೆ ಬಂದುಬಿಡುತ್ತಿತ್ತು. ಹೊರಗೆ ಬರುವಾಗ ಮೀಟರಣ್ಣ ಓದುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಮೀಟರಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ನೀರು ಸರಬರಾಜು ಇಲಾಖೆಯ ನೀಲಿ ಅಂಗಿ ತೊಟ್ಟು ಮನೆಮನೆಗೆ ಹೋಗಿ, ಗೇಟಿನ ಪಕ್ಕದ ಗುಂಡಿಗೆ ಬಗ್ಗಿ, ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಳ್ಳುವುದು ಅವನ ಕೆಲಸ. ಬಗ್ಗಿದವನು ಎದ್ದಮೇಲೆ ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಲ್ಲಲೇಬೇಕಲ್ಲ, ಆ ಗಳಿಗೆಯಲ್ಲಿ ದೇಶದ ಸುದ್ದಿ ಶುರುವಾಗುತ್ತಿತ್ತು. ಅಲ್ಲಿ ಒಂದು ಕಾಲದಲ್ಲಿ ಗುರುವಾರ ಬಂತೆಂದರೆ ಟೀವಿಗೇ ರಜೆಯಂತೆ, ಇಡೀ ದೇಶದಲ್ಲಿ ಪರದೆ ಕಪ್ಪು. ಟೆಲಿಫೋನ್ ಪುಸ್ತಕದಲ್ಲಿ ಜನರನ್ನು ಸ್ವಂತ ಹೆಸರಿನಿಂದಲೇ ಹುಡುಕಬೇಕಂತೆ, ಮನೆತನದ ಹೆಸರು ಅನ್ನುವುದು ಹೆಚ್ಚಿನವರಿಗೆ ಇಲ್ಲವೇ ಇಲ್ಲ. ಎಳೆ ಮಕ್ಕಳನ್ನು ಕೊರೆಯುವ ಚಳಿಯಲ್ಲಿ ಹೋಟೆಲಿನ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸಿ, ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಾರಂತೆ. ಮಕ್ಕಳು ಹಾಯಾಗಿ ನಿದ್ದೆ ಹೋಗುತ್ತವಂತೆ.

ಇಷ್ಟೆಲ್ಲ ಹೇಳುವಾಗ ಅವನ ಗಂಟಲು ಜೋರಾಗಿರುತ್ತಿತ್ತು. ನೀರಿನ ವಿಷಯಕ್ಕೆ ಬಂದಾಗ ಮಾತ್ರ ತಗ್ಗುತ್ತಿತ್ತು. ಅಲ್ಲಿ ಭೂಮಿಯೊಳಗೇ ಕಾದ ನೀರು ಕೊಳವೆ ಹಿಡಿದು ನಲ್ಲಿಗೆ ಬರುತ್ತದೆ, ಮನೆಯನ್ನು ಬೆಚ್ಚಗಿಡುತ್ತದೆ, ಆಮೇಲೂ ಸುಮ್ಮನಿರದೆ ರಾಜಧಾನಿಯ ಕಾಲುದಾರಿಗಳ ಅಡಿಯಲ್ಲಿ ಹರಿದು ಮೇಲೆ ಬಿದ್ದ ಹಿಮ ಕರಗಿಸುತ್ತದೆ. ಒಲೆ ಹಚ್ಚಿದವರಿಲ್ಲ, ಕಾಯಿಸಿದವರಿಲ್ಲ. ತಣ್ಣೀರನ್ನು ಮೂರನೇ ಮಹಡಿಗೆ ಹತ್ತಿಸಲು ಏದುಸಿರು ಬಿಡುವ ಇಲಾಖೆಯಲ್ಲಿ ಕೂದಲು ನರೆಯಿಸಿಕೊಂಡ ಮನುಷ್ಯ ಅವನು. ಈ ಮಾತು ಹೇಳಿ ಮುಗಿಸಿದಾಗ ನಿಜವಾಗಿಯೂ ಅವನ ಕಣ್ಣು ತೇವವಾಗುತ್ತಿತ್ತು. ಕೇಳುತ್ತಿದ್ದವರು ತಮ್ಮ ನಲ್ಲಿಯ ಕಡೆಗೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಮನೆಯಲ್ಲಿ ಮಾತ್ರ ಈ ಪಾಂಡಿತ್ಯಕ್ಕೆ ಅಷ್ಟಾಗಿ ಗಿರಾಕಿಗಳಿರಲಿಲ್ಲ. ಹೆಂಡತಿಗೆ ಹೊಲಿಗೆಯ ಕೆಲಸ. ಮದುವೆಯಾದಾಗಿನಿಂದ ಅಡುಗೆಮನೆಯ ನೆಲದ ಮೇಲೆ ಬಟ್ಟೆ ಹರಡಿ, ಒಗ್ಗರಣೆಯ ಎಣ್ಣೆ ಸಿಡಿಯದ ಹಾಗೆ ಮೈಯೆಲ್ಲ ಕಣ್ಣಾಗಿ ಕತ್ತರಿ ಹಿಡಿದವಳು. ಕೊನೆಗೆ ಹೋದ ವರ್ಷ, ಬೀದಿಗೆ ಮುಖ ಮಾಡಿ ಮುಂದಿನ ಕೋಣೆ ಕಟ್ಟಿಸಿಕೊಂಡಿದ್ದಳು. ಕತ್ತರಿಸಲು ಉದ್ದನೆಯ ಮೇಜು, ಕಿಟಕಿಯ ಬೆಳಕಿಗೆ ಹೊಲಿಗೆಯಂತ್ರ, ಅಳತೆ ಕೊಡಲು ಬಂದವರಿಗೆ ನಿಲುಗನ್ನಡಿ. ಆ ಕೋಣೆಗೆ ಕಾಲಿಟ್ಟಾಗ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ಅವಳ ತಾಯಿ, ಎಂದರೆ ಮೀಟರಣ್ಣನ ಅತ್ತೆ, ಇವರ ಜೊತೆಗೇ ಇದ್ದರು. ಬಾಗಿಲ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನು ಮಾತಿಗೆ ಹಿಡಿಯುವುದು ಅವರ ನಿತ್ಯದ ಕೆಲಸವಾಗಿತ್ತು. ಅವರ ಕಣ್ಣಿಗೆ ಬಿದ್ದವರು ಬೇಗ ತಪ್ಪಿಸಿಕೊಂಡದ್ದಿಲ್ಲ.

ಮನೆಯೆದುರು, ಬೀದಿಯ ಆಚೆ ಬದಿಗೆ ಒಂದು ಬಂಡೆ. ಆಳೆತ್ತರದ್ದು, ಬೋರಲು ಹಾಕಿದ ಬುಟ್ಟಿಯ ಹಾಗೆ ಬೆನ್ನು ಉಬ್ಬಿದ್ದು. ಅದರಿಂದಾಗಿ ಬೀದಿ ಅಲ್ಲಿ ಗಂಟಲು ಹಿಸುಕಿದಂತೆ ಕಿರಿದಾಗಿತ್ತು. ರಸ್ತೆ ಅಗಲ ಮಾಡುತ್ತಾರೆ, ಬಂಡೆ ಒಡೆಯುತ್ತಾರೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಮೀಟರಣ್ಣನ ಹೆಂಡತಿ. ರಸ್ತೆ ಅಗಲವಾದರೆ ಅವಳ ಕಿಟಕಿ ದೊಡ್ಡ ಬೀದಿಯಿಂದಲೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ರಸ್ತೆ ಇಲಾಖೆಯ ಇಂಜಿನಿಯರ್ ಬಂದ. ಹೊಸಬ, ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಷರ್ಟು, ಮುಖದಲ್ಲಿ ಸದಾ ಪರೀಕ್ಷೆಗೆ ಹೊರಟವನ ಕಳೆ. ಹಿಂದಿನ ಊರಿನಲ್ಲಿ ಯಾರನ್ನೂ ಕೇಳದೆ ಒಂದು ಗೋಡೆ ಕೆಡವಿಸಿ, ಅದು ಯಾರದೋ ದೊಡ್ಡವರದ್ದಾಗಿ, ಎತ್ತಂಗಡಿಯಾಗಿ ಬಂದವನು. ಅಂದಿನಿಂದ ಒಂದು ಇಟ್ಟಿಗೆ ಮುಟ್ಟುವುದಕ್ಕೂ ನಾಲ್ಕು ಜನರನ್ನು ಕೇಳುತ್ತಿದ್ದ. ಬಿಸಿಲಿಗೆ ಬಾಯಾರಿ ಮೀಟರಣ್ಣನ ಮನೆಯಲ್ಲಿ ನೀರು ಕೇಳಿದ. ಕೆಲಸಕ್ಕೆ ಹೊರಟು ನೀಲಿ ಅಂಗಿಯಲ್ಲಿ ನಿಂತಿದ್ದ ಮೀಟರಣ್ಣನೇ ಲೋಟ ತಂದುಕೊಟ್ಟ. ಕೊಟ್ಟು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ದೇಶದಲ್ಲಾದರೆ ಹೀಗೆ ಏಕಾಏಕಿ ಬಂಡೆ ಒಡೆಯುವುದಿಲ್ಲ ಎಂದ. ಅಲ್ಲಿ ಕೆಲವು ಬಂಡೆಗಳೊಳಗೆ ಕಣ್ಣಿಗೆ ಕಾಣದ ಜನ ಮನೆ ಮಾಡಿಕೊಂಡಿರುತ್ತಾರೆಂದು ಹೇಳುತ್ತಾರೆ, ನಂಬದವರೂ ಇಲ್ಲವೆಂದು ಹೇಳಲು ಹಿಂಜರಿಯುತ್ತಾರೆ, ಅಂಥ ಬಂಡೆ ಅಡ್ಡ ಬಂದರೆ ರಸ್ತೆಯನ್ನೇ ಬಾಗಿಸಿಕೊಂಡು ಹೋದದ್ದುಂಟು ಎಂದ. ಓದಿದವರು, ದೊಡ್ಡ ದೊಡ್ಡ ಯಂತ್ರವಿರುವವರು, ಒಂದು ಕಲ್ಲಿಗೆ ದಾರಿ ಬಿಟ್ಟು ಹೋಗುತ್ತಾರಲ್ಲ, ಅದೆಂಥ ದೊಡ್ಡತನ ಎಂದು ಬೆರಗಾಗಿ ತಲೆದೂಗಿದ.

ಇಂಜಿನಿಯರನ ಕೈಯಲ್ಲಿ ಲೋಟ ನಿಂತುಬಿಟ್ಟಿತು. "ಈ ಬಂಡೇಲೂ ಯಾರಾದ್ರೂ ಇದಾರಾ ಸರ್?" ಎಂದು ಕೇಳಿದ.

ಮೀಟರಣ್ಣನನ್ನು ಜನ್ಮದಲ್ಲಿ ಯಾರೂ ಸರ್ ಎಂದಿರಲಿಲ್ಲ. ಸರ್ ಎನ್ನಿಸಿಕೊಂಡವನು ಗೊತ್ತಿಲ್ಲ ಎನ್ನುವುದು ಹೇಗೆ? ಅವನು ಬಂಡೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ. "ಇರಬಹುದು. ಇಲ್ಲ ಅಂತ ನಾನು ಹೇಗೆ ಬರೆದುಕೊಡಲಿ?" ಎಂದ.

ಬರೆದುಕೊಡಿ ಅಂತ ಯಾರೂ ಕೇಳಿರಲಿಲ್ಲ. ಆದರೆ ಇಂಜಿನಿಯರ್ ಬರೆದುಕೊಂಡ. ಎದುರಿಗಿದ್ದದ್ದು ನೀಲಿ ಅಂಗಿ, ಜೇಬಿನ ಮೇಲೆ ನೀರು ಇಲಾಖೆಯ ಬಿಲ್ಲೆ. ಯಾವ ಮನೆಯಲ್ಲಿ ಜನ ಇದ್ದಾರೆ, ಯಾವ ಮನೆ ಖಾಲಿ ಎಂಬುದು ನೀರಿನವರಿಗಿಂತ ಚೆನ್ನಾಗಿ ಯಾವ ಇಲಾಖೆಗೆ ಗೊತ್ತು? ಬಂಡೆಯಲ್ಲಿ ವಾಸವಿರುವ ಸಾಧ್ಯತೆ ಇದೆಯೆಂದು ನೀರು ಇಲಾಖೆಯ ಸಿಬ್ಬಂದಿ ಸ್ಥಳದಲ್ಲೇ ತಿಳಿಸಿದ್ದಾರೆ ಎಂದು ಅವನ ವರದಿ ಕಚೇರಿಗೆ ಹೋಯಿತು. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ಸಾಧ್ಯತೆ ಎಂಬ ಮಾತು ಎಲ್ಲೋ ದಾರಿಯಲ್ಲಿ ಉದುರಿತು. ವಾಸವಿರುವ ಜಾಗ ಅಂದಮೇಲೆ ನೋಟಿಸು ಕೊಡದೆ ಕೆಡವುವಂತಿಲ್ಲ. ಮುಂದಿನ ವಾರ ಜವಾನನೊಬ್ಬ ಬಂದು ಅಂಟು ಸವರಿ ಬಂಡೆಗೆ ನೋಟಿಸು ಮೆತ್ತಿ ಹೋದ. ಈ ಬಂಡೆಯಲ್ಲಿ ವಾಸವಿರುವವರು ತಮ್ಮ ಆಕ್ಷೇಪಣೆ ಏನಾದರೂ ಇದ್ದಲ್ಲಿ ಗಡುವಿನೊಳಗೆ ಕಚೇರಿಗೆ ಖುದ್ದಾಗಿ ಹಾಜರಾಗಿ ತಿಳಿಸತಕ್ಕದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿ, ಸಹಿಯ ಮೇಲೆ ಮೊಹರು.

ಮೀಟರಣ್ಣ ಹೇಳಿದ್ದರೆ ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮೊಹರಿಗೆ ನಗುವುದು ಹೇಗೆ? ಸರ್ಕಾರವೇ ಇದ್ದಾರೆ ಅಂದಮೇಲೆ ಇರುವುದೇ ಸರಿ. ಮೊದಲ ದಿನ ಗುಂಪು ಕಟ್ಟಿ ಓದಿದರು. ಎರಡನೆಯ ದಿನ ಮೂಲೆಮನೆಯಾಕೆ ಬಂಡೆಯ ಬುಡಕ್ಕೆ ಕಸ ಸುರಿಯುವುದನ್ನು ನಿಲ್ಲಿಸಿದಳು. ಅದಕ್ಕೆ ಒರಗಿಸಿಡುತ್ತಿದ್ದ ಬೈಕನ್ನು ಮಹಡಿಮನೆಯವನು ತಾನಾಗಿ ತೆಗೆದು ದೂರ ನಿಲ್ಲಿಸಿದ. ದಿನಾ ಬೆಳಿಗ್ಗೆ ಕಿಟಕಿ ತೆರೆದಿಟ್ಟುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕಚ್ಚಾಡುತ್ತಿದ್ದ ಗಂಡಹೆಂಡತಿ ಈಗ ಕಿಟಕಿ ಮುಚ್ಚಿಕೊಂಡು ಕಚ್ಚಾಡತೊಡಗಿದರು. ಹೊಸ ನೆರೆಯವರೆದುರು ಮರ್ಯಾದೆ ಕಳೆದುಕೊಳ್ಳುವುದು ಅವರಿಗೂ ಬೇಡವಾಗಿತ್ತು. ಹೊಸಬರೆಂದರೆ ನಿಜವಾಗಿ ಬೀದಿಗಿಂತ ಹಳಬರು, ಬೀದಿಗೆ ಗೊತ್ತಾದದ್ದು ಮಾತ್ರ ಈಗ.

"ಎಂಥಾ ಮರ್ಯಾದಸ್ಥ ಜನ ಅಂತೀರಿ," ಎಂದು ಮೂಲೆಮನೆಯಾಕೆ ನಲ್ಲಿಯ ಬಳಿ ಹೇಳಿದಳು. "ಇಷ್ಟು ವರ್ಷ ಎದುರಿಗೇ ಇದ್ದಾರೆ, ಒಂದು ದಿನ ಸಕ್ಕರೆ ಕೇಳಿ ಬಂದವರಲ್ಲ."

ಅತ್ತೆಗಂತೂ ಬಾಳು ಬೆಳಗಿತು. ಅವರು ಮೆಟ್ಟಿಲ ಮೇಲೆ ಕೂತು ಬಂಡೆಯ ಕಡೆ ಮುಖ ಮಾಡಿ ಸಂಸಾರದ ಸುದ್ದಿಯೆಲ್ಲ ಹೇಳತೊಡಗಿದರು. ನಾದಿನಿ ಮಾಡಿದ ಅನ್ಯಾಯ, ಮೊಣಕಾಲಿನ ನೋವು, ಅಳಿಯನ ಹಲ್ಲು, ಯಾವುದನ್ನೂ ಬಿಡಲಿಲ್ಲ. ಬಂಡೆಯವರು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಮಧ್ಯದಲ್ಲಿ ಬಾಯಿ ಹಾಕುವುದೇ ಇಲ್ಲ ಎಂದು ಮಗಳ ಮುಂದೆ ಹೊಗಳಿದರು. ನಿಮ್ಮಿಂದ ಈ ಬೀದಿಯಲ್ಲಿ ನನಗೊಂದು ಒಳ್ಳೆ ಸಹವಾಸ ಸಿಕ್ಕಿತು ಎಂದು ಅಳಿಯನನ್ನೂ ಮೆಚ್ಚಿಕೊಂಡರು. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಮೀಟರಣ್ಣ ಕೇಳಿದ ಮೊದಲ ಮೆಚ್ಚುಗೆ ಅದು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಆರಂಭದಲ್ಲಿ ಜಗ್ಗಲಿಲ್ಲ. ಇದೆಲ್ಲ ಬೊಗಳೆ, ಕಲ್ಲೆಂದರೆ ಕಲ್ಲು ಎಂದು ಸಾರಿದರು. ಸಾರಿದ ಸಂಜೆಯೇ ಬಂಡೆಯ ಪಕ್ಕದಲ್ಲಿ ನಡೆದು ಹೋಗುವಾಗ ಕೋಲನ್ನು ಟಕಟಕ ಕುಟ್ಟದೆ ಎತ್ತಿಹಿಡಿದುಕೊಂಡು ಹೋದದ್ದನ್ನು ಬೀದಿಯೆಲ್ಲ ನೋಡಿತು. ಆಮೇಲೆ ಅವರೇ ಮೀಟರಣ್ಣನ ಬಳಿ ಬಂದು, ಆ ದೇಶದ ವಿಷಯ ಕ್ರಮವಾಗಿ ತಿಳಿಯಬೇಕಾಗಿದೆ, ದಿನಾ ಸಂಜೆ ಸ್ವಲ್ಪ ಹೇಳಿ ಎಂದರು.

ಹೀಗೆ ಹೊಲಿಗೆ ಕೋಣೆಯಲ್ಲಿ ಸಂಜೆಯ ಸಭೆ ಶುರುವಾಯಿತು. ಕತ್ತರಿಸುವ ಮೇಜಿನ ಮೇಲೆ ನಾಲ್ಕು ಜನ, ನೆಲದ ಮೇಲೆ ಉಳಿದವರು, ಕನ್ನಡಿಯ ಪಕ್ಕದಲ್ಲಿ ಮೇಷ್ಟ್ರು. ಮೀಟರಣ್ಣ ಒಂದು ಸಂಜೆ ಆ ದೇಶದ ಹಳೆಯ ಸಭೆಯ ವಿಷಯ ಹೇಳಿದ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ರಾಜನಿರಲಿಲ್ಲ, ಅರಮನೆಯಿರಲಿಲ್ಲ. ಬೇಸಿಗೆಯಲ್ಲಿ ದೇಶದ ಮೂಲೆಮೂಲೆಯಿಂದ ಜನ ಕುದುರೆ ಹತ್ತಿ ಒಂದು ಬಯಲಿಗೆ ಬಂದು ಸೇರುತ್ತಿದ್ದರು. ಆಗ ಕಾನೂನು ಬರೆದಿಟ್ಟದ್ದೇ ಇಲ್ಲ. ಅದಕ್ಕಾಗಿಯೇ ಆರಿಸಿದ ಒಬ್ಬ ಮನುಷ್ಯ ಬಂಡೆಯ ಹತ್ತಿರ ಎದ್ದು ನಿಂತು ದೇಶದ ಕಾನೂನನ್ನು ಬಾಯಿಪಾಠ ಹೇಳಬೇಕು. ಪ್ರತಿ ಬೇಸಿಗೆಗೆ ಮೂರರಲ್ಲಿ ಒಂದು ಪಾಲು, ಮೂರು ಬೇಸಿಗೆಗೆ ಪೂರ್ತಿ. ಗಾಳಿ ಬೀಸುತ್ತಿರಬೇಕು, ಇಡೀ ದೇಶ ಉಸಿರು ಹಿಡಿದು ಕೇಳುತ್ತಿರಬೇಕು. ಆ ಕಾಲದ ಕಥೆಗಳನ್ನು ಅಲ್ಲಿಯ ಮಕ್ಕಳು ಹೆಚ್ಚುಕಮ್ಮಿ ಅದೇ ಭಾಷೆಯಲ್ಲಿ ಇಂದಿಗೂ ಓದಿಕೊಳ್ಳುತ್ತಾರೆ.

ಜೀವಮಾನವಿಡೀ ಮಕ್ಕಳಿಂದ ಮಗ್ಗಿ ಬಾಯಿಪಾಠ ಮಾಡಿಸಿ ಸೋತಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒಬ್ಬನ ನೆನಪಿನ ಮೇಲೆ ಒಂದು ದೇಶ ನಿಂತಿತ್ತಲ್ಲ ಎಂದು ಅಂದರು. ಮೂಲೆಯಲ್ಲಿ, ಕತ್ತರಿಸದ ಬಟ್ಟೆಗಳ ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿ ಕೂತಿದ್ದಳು. ಮರುದಿನ ಕೊಡಬೇಕಾದ ಬಟ್ಟೆಗಳು ಅವು. ಅವಳಿಗೂ ಕಥೆ ಚೆನ್ನಾಗಿಯೇ ಇತ್ತು, ಮೇಜಿನ ಮೇಲಿನ ಜನ ಯಾವಾಗ ಏಳುತ್ತಾರೆ ಎಂಬುದಷ್ಟೇ ಚಿಂತೆ.

ನೋಟಿಸಿನ ಗಡುವು ಮುಗಿಯಿತು. ಬಂಡೆಯವರು ಹಾಜರಾಗಲಿಲ್ಲ. ಇನ್ನೇನು ಒಡೆಯುತ್ತಾರೆ ಎಂದು ಜನ ಮರುಗುತ್ತಿದ್ದಾಗ ಕಚೇರಿ ಬೇರೆಯೇ ದಾರಿ ಹಿಡಿದಿತ್ತು. ಆಕ್ಷೇಪಣೆ ಬಂದಿಲ್ಲ ನಿಜ, ಆದರೆ ಒಪ್ಪಿಗೆಯೂ ಬಂದಿಲ್ಲವಲ್ಲ ಎಂದು ಹಿರಿಯ ಅಧಿಕಾರಿ ಕೇಳಿದರಂತೆ. ನಾಳೆ ಬಂದು ನಾವು ಊರಲ್ಲಿರಲಿಲ್ಲ ಅಂದರೆ ಯಾರ ತಲೆಗೆ ಬರುತ್ತದೆ? ಗೋಡೆಯ ಕಥೆ ಅನುಭವಿಸಿದ್ದ ಇಂಜಿನಿಯರ್ ಕೂಡಲೇ ತಲೆಯಾಡಿಸಿದ. ರಸ್ತೆಯನ್ನು ಈಚೆಗೆ ಬಾಗಿಸಿ ಎಂದು ಆದೇಶವಾಯಿತು.

ಬಾಗುತ್ತದೆ ಎಂದು ತಿಳಿದಾಗ ಮೀಟರಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ದೇಶದಲ್ಲಿ ಆದದ್ದು ಈಗ ತನ್ನ ಬೀದಿಯಲ್ಲೂ ಆಗುತ್ತಿದೆ, ಅದೂ ತನ್ನ ಬಾಯಿಂದ ಬಂದ ಒಂದು ಮಾತಿಗೆ. ಇಂಜಿನಿಯರ್ ಟೇಪು ಹಿಡಿದು ಬಂದಾಗ ಅವನೇ ತುದಿ ಹಿಡಿದುಕೊಂಡು ಮುಂದೆ ನಡೆದ. ಟೇಪು ಬಂಡೆಯಿಂದ ಹೊರಟು ಬೀದಿ ದಾಟಿತು, ಚರಂಡಿ ದಾಟಿತು, ಮೀಟರಣ್ಣನ ಗೇಟು ದಾಟಿತು, ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯನ್ನು ಬಳಸಿಕೊಂಡು ಹೊಲಿಗೆ ಕೋಣೆಯ ಬಾಗಿಲೊಳಗೆ ಹೋಯಿತು. ಇಂಜಿನಿಯರ್ ಬಗ್ಗಿ ಕೆಂಪು ಬಣ್ಣದಿಂದ ನೆಲದ ಮೇಲೆ ಗೆರೆ ಎಳೆದ. ಗೆರೆ ಹೊಲಿಗೆಯಂತ್ರದ ಕಾಲಿನ ಕೆಳಗೇ ಹಾದುಹೋಯಿತು. ಬಂಡೆ ಅಲ್ಲೇ ಇದ್ದರೆ ರಸ್ತೆಗೆ ಈ ಕೋಣೆ ಬೇಕೇ ಬೇಕು ಎಂದು ಅವನು ಬಹಳ ಮರ್ಯಾದೆಯಿಂದ ವಿವರಿಸಿದ.

ಟೇಪಿನ ತುದಿ ಇನ್ನೂ ಮೀಟರಣ್ಣನ ಕೈಯಲ್ಲಿತ್ತು. ಹೆಂಡತಿ ಹೊಲಿಯುವುದನ್ನು ನಿಲ್ಲಿಸಿ ಆ ಗೆರೆಯನ್ನು ನೋಡಿದಳು. ಅಳಲಿಲ್ಲ, ಕೂಗಾಡಲಿಲ್ಲ.

"ಆ ದೇಶದವರು ದೊಡ್ಡ ಮನಸ್ಸಿನವರೇ ಇರಲಿ," ಎಂದಳು. "ನಾನು ಮತ್ತೆ ಅಡುಗೆಮನೆ ನೆಲದ ಮೇಲೆ ಕೂರಬೇಕಾ, ಅದನ್ನ ಹೇಳಿ."

ಮೀಟರಣ್ಣ ಟೇಪಿನ ತುದಿ ಕೈಬಿಟ್ಟ. ಅವಳಿಗೆ ಇಷ್ಟು ವರ್ಷದಲ್ಲಿ ತಾನು ಕೊಟ್ಟದ್ದೇನೂ ಇರಲಿಲ್ಲ, ಅವಳೇ ದುಡಿದು ಕಟ್ಟಿಕೊಂಡದ್ದನ್ನೂ ಈಗ ಮಾತಾಡಿ ಕೆಡವಿದ್ದ.

ಬೀದಿಗೆ ಓಡಿ, ಬಂಡೆಯಲ್ಲಿ ಯಾರೂ ಇಲ್ಲ, ನಾನು ಸುಮ್ಮನೆ ಹೇಳಿದ್ದು ಎಂದು ಸಾರಿದ. ಬೀದಿ ಅವನನ್ನು ಆಪಾದಮಸ್ತಕ ನೋಡಿತು. ತನ್ನ ಕೋಣೆಗೆ ಕುತ್ತು ಬಂದಕೂಡಲೇ ಎದುರುಮನೆಯವರು ಇಲ್ಲವೇ ಇಲ್ಲ ಎನ್ನುವ ಮನುಷ್ಯನನ್ನು ಏನೆನ್ನಬೇಕು ಎಂದು ಮೂಲೆಮನೆಯಾಕೆ ಕೇಳಿದಳು. ಬಾಯಿಲ್ಲದವರನ್ನು ಬೀದಿಗೆ ತಳ್ಳುತ್ತೀರಾ ಎಂದು ಮಹಡಿಮನೆಯವನು ಕೇಳಿದ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದು ಮೇಷ್ಟ್ರು ಮುಖ ತಿರುಗಿಸಿದರು. ಅತ್ತೆ ಕೂಡ, ನಿನ್ನೆಯವರೆಗೆ ಇದ್ದವರು ಇವತ್ತು ಎಲ್ಲಿ ಹೋದರು ಅಳಿಯಂದಿರೇ ಎಂದು ಕಟುವಾಗಿಯೇ ಕೇಳಿದರು. ಕಚೇರಿಗೆ ಹೋದರೆ, ಇದ್ದಾರೆ ಎಂದು ಹೇಳಿದ ಇಲಾಖೆಯೇ ಈಗ ಇಲ್ಲ ಎಂದರೆ ಅದಕ್ಕೊಂದು ವಿಚಾರಣೆ ಆಗಬೇಕು, ಅಷ್ಟರಲ್ಲಿ ರಸ್ತೆ ಆಗಿರುತ್ತದೆ ಎಂದರು. ಸುಳ್ಳನ್ನು ನಂಬಿಸಲು ಒಂದು ಲೋಟ ನೀರು ಸಾಕಾಗಿತ್ತು. ನಿಜ ಹೇಳಿದರೆ ಕೇಳುವವರೇ ಇರಲಿಲ್ಲ.

ಆಗ ಅವನಿಗೆ ನೆನಪಾದದ್ದು ತಾನು ಓದದೆ ಬಿಟ್ಟಿದ್ದ ಕೊನೆಯ ಹಾಳೆ. ರಸ್ತೆ ಬಾಗಿಸಲಾಗದಿದ್ದರೆ ಆ ದೇಶದವರು ಏನು ಮಾಡುತ್ತಾರೆ? ಕೆಡವಲು ಯಂತ್ರ ಬರುವ ದಿನ ಬೆಳಿಗ್ಗೆಯೇ ಎದ್ದುಬಿದ್ದು ಹಲ್ಲಿನ ಡಾಕ್ಟರಲ್ಲಿಗೆ ಓಡಿದ. ಪತ್ರಿಕೆ ಅದೇ ಬೆಂಚಿನ ಮೇಲಿತ್ತು. ನಿಂತುಕೊಂಡೇ ಓದಿದ. ಓದುತ್ತಾ ಓದುತ್ತಾ ಅವನ ಮುಖ ಅರಳಿತು. ಓದಿ ಮುಗಿಸಿ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವರ ಕೋಣೆಗೆ ಬಂದು ಹಲ್ಲು ತೋರಿಸದೆ ಹೋದವರು ಚರಿತ್ರೆಯಲ್ಲೇ ಇರಲಿಲ್ಲ. ಹಾಗೇ ಒಮ್ಮೆ ನೋಡೋಣ ಎಂದು ಕೂರಿಸಿಕೊಂಡರು. ನೋಡಿದರು, ಛೆ ಎಂದರು, ಸೂಜಿ ಚುಚ್ಚಿದರು, ಎಡಗಡೆಯದೊಂದನ್ನು ಕಿತ್ತರು. ಮೀಟರಣ್ಣ ಬೀದಿಗೆ ವಾಪಸಾದಾಗ ಅವನ ಬಾಯಿ ತುಂಬ ಹತ್ತಿ, ನಾಲಿಗೆ ಮರದ ತುಂಡು, ಕೆನ್ನೆ ಊದಿಕೊಂಡಿತ್ತು.

ಯಂತ್ರ ಆಗಲೇ ಗೇಟಿನ ಮುಂದೆ ಗುರುಗುಡುತ್ತಿತ್ತು. ಹೆಂಡತಿ ಹೊಲಿಗೆಯಂತ್ರಕ್ಕೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಬೀದಿಯವರೆಲ್ಲ ನೆರೆದಿದ್ದರು. ಬೇಡದ್ದಕ್ಕೆಲ್ಲ ಬಾಯಿ ಬಿಟ್ಟವನಿಗೆ ಬೇಕಾದ ಒಂದು ಮಾತು ಹೊರಡಲೊಲ್ಲದು. ಅವನು ಯಂತ್ರಕ್ಕೆ ಅಡ್ಡ ನಿಂತು, ಮೊದಲು ಬಂಡೆಯ ಕಡೆ ಕೈಮಾಡಿದ. ಬಾಯಿಯ ಮುಂದೆ ಕೈ ಆಡಿಸಿದ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ. ಎರಡೂ ಕೈಯಲ್ಲಿ ಏನನ್ನೋ ಮೆಲ್ಲಗೆ ಎತ್ತಿ, ನಾಲ್ಕು ಹೆಜ್ಜೆ ಹೋಗಿ, ನಿದ್ದೆಯ ಕೂಸನ್ನು ಇಡುವ ಹಾಗೆ ಇಳಿಸಿದ.

ಬಂಡೆಯವರನ್ನು ಎತ್ತಿ ಎಸೆಯುತ್ತೇನೆ ಎನ್ನುತ್ತಿದ್ದಾನೆ ಎಂದು ಮೇಷ್ಟ್ರು ಅರ್ಥ ಹೇಳಿದರು. ಪಾಪ, ತಲೆಗೆ ಏರಿದೆ ಎಂದಳು ಮೂಲೆಮನೆಯಾಕೆ. ಇಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದ. ಮೀಟರಣ್ಣ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿ ತೋರಿಸಿದ. ಬೆವರು ಇಳಿಯುತ್ತಿತ್ತು, ಕಣ್ಣಲ್ಲಿ ನೀರಿತ್ತು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕೈಲಿದ್ದ ಹಗ್ಗ ಬಿಟ್ಟು ಹೊರಗೆ ಬಂದಳು.

"ಮೊದಲು ಅವರನ್ನ ಕೇಳಬೇಕು ಅಂತಿದ್ದಾರೆ," ಎಂದಳು ಇಂಜಿನಿಯರನಿಗೆ. "ಕೇಳಿ, ಒಪ್ಪಿದರೆ, ಬಂಡೇನ ಒಡೀದೆ ಹಾಗೇ ಎತ್ತಿ ಬೇರೆ ಕಡೆ ಇಡಬೇಕು. ಆ ದೇಶದಲ್ಲಿ ಹಾಗೆ ಮಾಡಿದ್ದಾರಂತೆ."

ಮೀಟರಣ್ಣ ಕುತ್ತಿಗೆ ಕಳಚಿ ಬೀಳುವ ಹಾಗೆ ತಲೆಯಾಡಿಸಿದ. ಇಷ್ಟು ವರ್ಷ ಅವಳು ತನ್ನ ಮಾತು ಕೇಳಿಸಿಕೊಳ್ಳುವುದೇ ಇಲ್ಲ ಎಂದುಕೊಂಡಿದ್ದ. ಮಾತೇ ಇಲ್ಲದಾಗ ಅವಳೊಬ್ಬಳಿಗೇ ಅರ್ಥವಾಗಿತ್ತು.

ನಾವು ನೋಟಿಸು ಕೊಟ್ಟಿದ್ದೇವಲ್ಲ ಎಂದ ಇಂಜಿನಿಯರ್. ಮನೆ ಬಿಡಿ ಅಂತ ಗೋಡೆಗೆ ಕಾಗದ ಮೆತ್ತಿದರೆ ಅದು ಕೇಳಿದ ಹಾಗಲ್ಲ ಎಂದಳು ಅವಳು. ಹಾಗಾದರೆ ಕೇಳುವವರು ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ಮೀಟರಣ್ಣನ ಕಡೆ ನೋಡಿದರು. ಅವನು ಊದಿದ ಕೆನ್ನೆ ತೋರಿಸಿದ. ಹೆಂಡತಿ ಸೆರಗಿಗೆ ಅಂಟಿದ್ದ ದಾರದ ಎಳೆ ಕೊಡವಿ, ಬೀದಿ ದಾಟಿ, ಬಂಡೆಯ ಮುಂದೆ ಹೋಗಿ ನಿಂತಳು. ಯಂತ್ರದವನು ತಾನಾಗಿಯೇ ಯಂತ್ರ ಆರಿಸಿದ.

"ನಾನು ಎದುರುಮನೆಯವಳು," ಎಂದಳು. "ಇಷ್ಟು ದಿನ ಒಂದು ಮಾತು ಆಡಿಸಲಿಲ್ಲ, ಬೇಜಾರು ಮಾಡ್ಕೋಬೇಡಿ. ನನಗೂ ಮನೆ ಬಿಟ್ಟುಕೊಡಿ ಅಂತ ಹೇಳಿದ್ದಾರೆ, ಅದಕ್ಕೆ ನಿಮ್ಮ ಸಂಕಟ ನನಗೆ ಗೊತ್ತಾಗುತ್ತೆ. ಆ ಕೋಣೆ ಬಿಟ್ಟರೆ ನನಗೆ ಕೂತು ಹೊಲಿಯೋಕೆ ಬೇರೆ ಜಾಗ ಇಲ್ಲ. ನಿಮ್ಮ ಮನೇನ ಒಡೆಯೋದಿಲ್ಲ, ಸಾಮಾನು ಅಲುಗಾಡದ ಹಾಗೆ ಎತ್ತಿ, ಬಿಸಿಲು ಬರೋ ಕಡೆ ಇಡ್ತಾರೆ. ನಾನೇ ಜೊತೇಲಿ ನಿಂತು ಇಡಿಸ್ತೀನಿ. ನಿಮಗೆ ಆಗೋದಿಲ್ಲ ಅಂದ್ರೆ, ನಾನೇ ಹೋಗ್ತೀನಿ."

ಕೊನೆಯ ಮಾತಿಗೆ ಮೀಟರಣ್ಣ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಅವಳು ಅದನ್ನು ತೋರಿಕೆಗೆ ಹೇಳಿರಲಿಲ್ಲ. ಬೀದಿಯಲ್ಲಿ ಒಂದು ಕೆಮ್ಮಿಲ್ಲ, ಒಂದು ಕಾಲಸಪ್ಪಳವಿಲ್ಲ. ಯಾವ ನಲ್ಲಿಯಲ್ಲೋ ಹನಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಯಾರು ಏನನ್ನು ಕಾಯುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ, ಆದರೆ ಎಲ್ಲರೂ ಕಾದರು. ಕಲ್ಲೆಂದರೆ ಕಲ್ಲು ಎಂದಿದ್ದ ಮೇಷ್ಟ್ರು ಎಲ್ಲರಿಗಿಂತ ಮುಂದೆ ಬಾಗಿ ಕಿವಿಗೊಟ್ಟಿದ್ದರು.

ಕೊನೆಗೆ ಅತ್ತೆ ಮೆಟ್ಟಿಲಿಂದ ಎದ್ದರು. "ಒಪ್ಪಿದ್ದಾರೆ," ಎಂದರು.

ಹೇಗೆ ಗೊತ್ತಾಯಿತು ಎಂದು ಇಂಜಿನಿಯರ್ ಪಿಸುಮಾತಿನಲ್ಲಿ ಕೇಳಿದ. ನನ್ನ ಮಗಳ ಹಾಗೆ ಕೇಳಿದರೆ ಯಾವ ಮರ್ಯಾದಸ್ಥರು ಇಲ್ಲ ಅಂತಾರಪ್ಪ, ಬೇಡವಾಗಿದ್ದರೆ ಈಗಲೇ ಹೇಳುತ್ತಿದ್ದರು ಎಂದರು ಅತ್ತೆ. ಖುದ್ದಾಗಿ ಕೇಳಲಾಯಿತು, ಸಾಕ್ಷಿಗೆ ಇಡೀ ಬೀದಿ ಇತ್ತು, ನಿವಾಸಿಗಳು ಆಕ್ಷೇಪಿಸಲಿಲ್ಲ. ಅವನಿಗೂ ಬೇಕಾಗಿದ್ದದ್ದು ಅಷ್ಟೇ. ಹಿರಿಯ ಅಧಿಕಾರಿಗೆ ಫೋನಿನಲ್ಲಿ ಹೇಳಿದಾಗ ಅವರೂ, ಕೇಳಿದ್ದೀರಿ ತಾನೇ, ಹಾಗಾದರೆ ಸರಿ ಎಂದರಂತೆ.

ಆದರೂ ಇಂಜಿನಿಯರನಿಗೆ ಒಂದು ಅನುಮಾನ ಉಳಿದಿತ್ತು. ಕಾಣುವುದು ತುದಿ ಮಾತ್ರ, ಬಂಡೆ ಕೆಳಗೆ ಎಷ್ಟು ಆಳಕ್ಕಿದೆಯೋ, ಎತ್ತಲು ಬಾರದಿದ್ದರೆ ಕೋಣೆ ಕೆಡವಲೇಬೇಕಾಗುತ್ತದೆ ಎಂದು ಮೊದಲೇ ಹೇಳಿದ. ಮಧ್ಯಾಹ್ನ ದೊಡ್ಡ ಕ್ರೇನು ಬಂತು. ಬಂಡೆಗೆ ಪಟ್ಟಿ ಸುತ್ತಿದರು. ಹೆಂಡತಿ ಕಲ್ಲು ತರಚದಿರಲೆಂದು ಪಟ್ಟಿಯ ಅಡಿಗೆ ಬಟ್ಟೆಯ ಚೂರುಗಳನ್ನು ಮಡಿಸಿ ಇಟ್ಟಳು. ಸರಪಣಿ ಬಿಗಿಯಿತು, ಕ್ರೇನು ನರಳಿತು. ಮೀಟರಣ್ಣ ಹತ್ತಿ ಕಚ್ಚಿಕೊಂಡು ನಿಂತಿದ್ದ. ನೋಡನೋಡುತ್ತಿದ್ದ ಹಾಗೆ ಬಂಡೆ ನೆಲ ಬಿಟ್ಟಿತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಒಂದು ಚಕ್ಕೆ ಉದುರಲಿಲ್ಲ. ಹೊರಡಲು ಸಿದ್ಧವಾಗಿ ಕೂತವರು ಎದ್ದಷ್ಟು ಸಲೀಸಾಗಿ ಮೇಲೆದ್ದು, ಬಿಸಿಲಲ್ಲಿ ಒಮ್ಮೆ ತಿರುಗಿ, ಬೀದಿಯ ಕೊನೆಯ ಖಾಲಿ ಜಾಗದ ಕಡೆ ತೇಲಿಹೋಯಿತು. ಹೆಂಡತಿ ಕೊಟ್ಟ ಮಾತಿನಂತೆ ಅದರ ಜೊತೆಯಲ್ಲೇ ನಡೆದು ಹೋಗಿ, ಹಾಗಲ್ಲ ಹೀಗೆ ಎಂದು ಹೇಳಿ ಬಿಸಿಲಿಗೆ ಮುಖಮಾಡಿ ಇಡಿಸಿ ಬಂದಳು.

ಅವಳು ತಿರುಗಿ ಬರುವಷ್ಟರಲ್ಲಿ ಜನ ಬಂಡೆಯಿದ್ದ ಜಾಗದ ಸುತ್ತ ನಿಂತಿದ್ದರು. ಬಂಡೆ ಎತ್ತಿದ ಕಡೆ ಏನಿರುತ್ತದೆ? ಹಸಿ ಮಣ್ಣು, ಬೇರು, ಹುಳುಹುಪ್ಪಟೆ, ಇರುವೆಯ ಗೂಡು. ಅಲ್ಲಿ ಅದೊಂದೂ ಇರಲಿಲ್ಲ. ಮೊಣಕಾಲುದ್ದದ ತಗ್ಗು, ಅದರ ತಳದಲ್ಲಿ ಒಣಗಿದ, ಮಟ್ಟವಾದ, ಸಾರಿಸಿದಷ್ಟು ನುಣ್ಣಗಿನ ನೆಲ. ಒಂದು ಕಡ್ಡಿ ಇಲ್ಲ, ಒಂದು ಎಲೆ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ ಒಂದು ಹಿಡಿ ಧೂಳು ಒಟ್ಟಾಗಿ ಸರಿದಿತ್ತು.

"ಗುಡಿಸಿ ಹೋಗಿದ್ದಾರೆ," ಎಂದರು ಅತ್ತೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮಳೆನೀರು ಇಳಿಯದ ಕಡೆ ಮಣ್ಣು ಹೀಗೆ ಎಂದು ಏನೋ ವಿವರಿಸಲು ಹೊರಟವರು ಅಲ್ಲಿಗೇ ನಿಲ್ಲಿಸಿದರು. ಮೀಟರಣ್ಣ ಬಾಯಿಂದ ಹತ್ತಿ ತೆಗೆದ. ಸೂಜಿಯ ಜೋಮು ಇಳಿದಿತ್ತು, ನಾಲಿಗೆ ಆಡುತ್ತಿತ್ತು. ಜನ ಅಭ್ಯಾಸಬಲದಿಂದ ಅವನ ಕಡೆ ನೋಡಿದರು. ಆ ದೇಶದಲ್ಲಿ ಹೀಗೆಲ್ಲಾದರೂ ಆದದ್ದುಂಟೆ? ಅವನು ಓದಿದ ಯಾವ ಹಾಳೆಯಲ್ಲೂ ಇದು ಇರಲಿಲ್ಲ. ಪಕ್ಕಕ್ಕೆ ಬಂದು ನಿಂತ ಹೆಂಡತಿಯ ಕೈಯನ್ನು, ಬೀದಿಯೆಲ್ಲ ನೋಡುತ್ತಿದೆ ಎಂಬುದನ್ನೂ ಮರೆತು, ಗಟ್ಟಿಯಾಗಿ ಹಿಡಿದುಕೊಂಡ.

ಇನ್ನು ಉಳಿದದ್ದು ಗೂಟ ಹೊಡೆಯುವ ಕೆಲಸ. ತಗ್ಗಿನ ನಟ್ಟನಡುವೆ ಗೂಟ ಬಿದ್ದರೆ ರಸ್ತೆ ನೇರವಾಗುತ್ತದೆ, ಹೊಲಿಗೆ ಕೋಣೆಗೆ ಯಾರೂ ಕೈಹಚ್ಚುವುದಿಲ್ಲ. ಇಂಜಿನಿಯರ್ ಗೂಟ, ಸುತ್ತಿಗೆ ಹಿಡಿದು ಅಂಚಿಗೆ ಬಂದ. ಒಳಗೆ ಇಳಿಯಲು ಒಂದು ಕಾಲು ಎತ್ತಿದವನು ಹಾಗೇ ನಿಂತ. ಆ ನುಣ್ಣನೆಯ ನೆಲವನ್ನು ನೋಡಿದ. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಸುತ್ತಿಗೆ ಕೆಳಗಿಟ್ಟು, ಅಲ್ಲೇ ಕೂತು ತನ್ನ ಎರಡೂ ಬೂಟುಗಳನ್ನು ಬಿಚ್ಚಿ ಅಂಚಿನಲ್ಲಿ ಜೋಡಿಸಿಟ್ಟ. ಆಮೇಲೆ ಒಳಗೆ ಕಾಲಿಟ್ಟ.